ಅತ್ತಿಗೆ, ಆ ರೀಲಾಂಚ್ ಬಟನ್ ಇವತ್ತೇ ಒತ್ತಿ

ಟೊರಾಂಟೊ

ಪ್ರೀತಿಯ ಅತ್ತಿಗೆಗೆ ನಮಸ್ಕಾರ,

ನಾವೆಲ್ಲ ಇಲ್ಲಿ ಆರಾಮ. ಈ ಸಲ ತೋಟಕ್ಕೆ ಕೊಳೆ ರೋಗ ಅಷ್ಟಾಗಿ ಬಂದಿಲ್ಲ ಅಂತ ಅಣ್ಣ ಮೆಸೇಜ್ ಮಾಡಿದ್ದ, ಓದಿ ಸಮಾಧಾನವಾಯಿತು. ಅಂಗಡಿ ಕಂಪ್ಯೂಟರಿನ ಬ್ರೌಸರ್ ಅಪ್‌ಡೇಟ್ ಮಾಡಿ ಅಂತ ಮೊನ್ನೆ ಫೋನಿನಲ್ಲಿ ಹೇಳುತ್ತಿದ್ದಾಗ ನಮ್ಮ ಮಾತು ಅರ್ಧಕ್ಕೇ ನಿಂತಿತು, ಅಂಗಡಿಗೆ ಯಾರೋ ಪಹಣಿ ತೆಗೆಸಲು ಬಂದರು. ಉಳಿದದ್ದನ್ನು ಬರೆದೇ ಕಳಿಸೋಣ ಅಂತ ಕೂತೆ. "ಗೊತ್ತಿಲ್ಲದ ಲಿಂಕ್ ನಾನು ಒತ್ತೋದೇ ಇಲ್ಲ, ನಂಗೇನಾಗುತ್ತೆ?" ಅಂದಿರಲ್ಲ, ಅಭ್ಯಾಸ ಒಳ್ಳೆಯದೇ, ಬಿಡಬೇಡಿ. ಆದರೆ ಬ್ರೌಸರ್‌ನಲ್ಲೇ ತೂತಿದ್ದರೆ, ಅಂದರೆ ಕಳ್ಳರು ನುಗ್ಗಬಹುದಾದ ದೋಷ ಅದರ ಕೋಡ್‌ನಲ್ಲೇ ಇದ್ದರೆ, ಅದೊಂದೇ ಸಾಲದು.

2023ರ ಸೆಪ್ಟೆಂಬರ್‌ನಲ್ಲಿ ನಡೆದದ್ದು ಹೇಳುತ್ತೇನೆ. ಇಲ್ಲಿನ ಟೊರಾಂಟೊ ಯೂನಿವರ್ಸಿಟಿಯಲ್ಲಿ ಸಿಟಿಜನ್ ಲ್ಯಾಬ್ ಅಂತ ಒಂದು ತಂಡವಿದೆ. ಪತ್ರಕರ್ತರು, ಹೋರಾಟಗಾರರ ಫೋನಿಗೆ ಯಾರಾದರೂ ಕಳ್ಳ ಸಾಫ್ಟ್‌ವೇರ್ ತೂರಿಸಿದ್ದಾರಾ ಅಂತ ಪತ್ತೆ ಮಾಡುವುದು ಅವರ ಕೆಲಸಗಳಲ್ಲೊಂದು. ಅವರೂ ಆಪಲ್‌ನ ಭದ್ರತಾ ತಂಡವೂ ಆ ತಿಂಗಳ 6ರಂದು ಕ್ರೋಮ್‌ನವರಿಗೆ ಒಂದು ತೂತಿನ ಸುದ್ದಿ ಮುಟ್ಟಿಸಿದರು. ತೂತಿದ್ದದ್ದು ವೆಬ್‌ಪಿ ಅನ್ನುವ ಬಗೆಯ ಚಿತ್ರಗಳನ್ನು ಬಿಚ್ಚಿ ತೋರಿಸುವ ಕೋಡ್‌ನಲ್ಲಿ. ಚಿತ್ರ ಬಿಚ್ಚುವಾಗ ಆ ಕೋಡ್ ಮೆಮೊರಿಯಲ್ಲಿ ಇಷ್ಟು ಜಾಗ ಅಂತ ಮೊದಲೇ ಎತ್ತಿಡುತ್ತದೆ. ಬೇಕಂತಲೇ ಕೆಡಿಸಿದ ಚಿತ್ರ ಬಂದರೆ ಆ ಲೆಕ್ಕ ತಪ್ಪುತ್ತಿತ್ತು. ಚೀಲ ತುಂಬಿದ ಮೇಲೂ ಅಡಿಕೆ ಸುರಿಯುತ್ತಲೇ ಇದ್ದರೆ ಪಕ್ಕದ ರಾಶಿಗೆ ಹೋಗಿ ಸೇರುತ್ತಲ್ಲ, ಹಾಗೆ ಹೆಚ್ಚಾದ ಡೇಟಾ ಪಕ್ಕದ ಮೆಮೊರಿ ಮೇಲೆ ಹೋಗಿ ಬೀಳುತ್ತಿತ್ತು. ಅಲ್ಲಿ ಏನು ಬೀಳಬೇಕು ಅಂತ ಕಳ್ಳನೇ ತೀರ್ಮಾನಿಸಿದರೆ ಬ್ರೌಸರ್ ಅವನು ಹೇಳಿದ ಹಾಗೆ ಕೇಳತೊಡಗುತ್ತದೆ. ಪುಟದಲ್ಲಿ ಆ ಚಿತ್ರ ಕಾಣಿಸಿಕೊಂಡರೆ ಸಾಕು, ನೀವು ಏನನ್ನೂ ಒತ್ತುವುದೇ ಬೇಡ. ಅದೇ ಕೋಡ್ ಫೈರ್‌ಫಾಕ್ಸ್, ಎಡ್ಜ್, ಬ್ರೇವ್ ಎಲ್ಲದರಲ್ಲೂ ಇತ್ತು. ಕ್ರೋಮ್‌ಗೆ 11ರಂದು, ಫೈರ್‌ಫಾಕ್ಸ್‌ಗೆ 12ರಂದು ಅಪ್‌ಡೇಟ್ ಬಂತು. ಅಷ್ಟರಲ್ಲಾಗಲೇ ಆ ತೂತನ್ನು ಬಳಸುತ್ತಿದ್ದವರು ಇದ್ದರು ಅಂತ ಗೂಗಲ್ ತಾನೇ ಹೇಳಿತು.

ಕ್ರೋಮ್ ಪುಟಗಳನ್ನು ಕಂಪ್ಯೂಟರ್‌ನ ಉಳಿದ ಭಾಗಕ್ಕೆ ಕೈ ಹಾಕದಂತೆ ಕಟ್ಟುಪಾಡಿನಲ್ಲಿ ಇಟ್ಟಿರುತ್ತದೆ ನಿಜ. ಒಂದೇ ತೂತಿನಿಂದ ಇಡೀ ಮಷಿನ್ ಕೈಗೆ ಸಿಗುವುದು ಕಷ್ಟ, ಕಳ್ಳರು ಎರಡು ಮೂರು ತೂತು ಜೋಡಿಸಬೇಕಾಗುತ್ತದೆ. ಹಾಗಾಗಿ ಶುರುವಿನಲ್ಲಿ ಇಂಥದ್ದನ್ನು ದೊಡ್ಡ ದುಡ್ಡು ಸುರಿದು ಆಯ್ದ ಕೆಲವರ ಮೇಲೆ ಮಾತ್ರ ಬಿಡುತ್ತಾರೆ. ನನ್ನ ಚಿಂತೆ ಅದಲ್ಲ, ಅದರ ನಂತರದ ದಿನಗಳದ್ದು. ಕ್ರೋಮ್‌ಗೆ ಆಧಾರವಾದ ಕ್ರೋಮಿಯಂ ಮತ್ತು ಫೈರ್‌ಫಾಕ್ಸ್ ಎರಡರ ಕೋಡೂ ಯಾರು ಬೇಕಾದರೂ ಓದುವ ಹಾಗೆ ತೆರೆದೇ ಇರುತ್ತದೆ. ತೂತು ಮುಚ್ಚಿದ ಕೂಡಲೇ ಹಳೇ ಕೋಡ್, ಹೊಸ ಕೋಡ್ ಪಕ್ಕಪಕ್ಕ ಇಟ್ಟು ನೋಡಿದರೆ ಎಲ್ಲಿ ತೂತಿತ್ತು ಅಂತ ಸಣ್ಣಪುಟ್ಟ ಕಳ್ಳರಿಗೂ ತಿಳಿಯುತ್ತದೆ. ಆಮೇಲೆ ಅಪ್‌ಡೇಟ್ ಮಾಡಿಕೊಳ್ಳದವರನ್ನು ಹುಡುಕುತ್ತಾರೆ. ಈ ನಡುವಿನ ದಿನಗಳು ಕಮ್ಮಿಯಾಗಲಿ ಅಂತಲೇ 2023ರ ಆಗಸ್ಟ್‌ನಿಂದ ಕ್ರೋಮ್‌ನ ಭದ್ರತಾ ಅಪ್‌ಡೇಟ್ ವಾರಕ್ಕೊಮ್ಮೆ ಬರುತ್ತಿದೆ.

ನಿಮ್ಮ ಅಂಗಡಿಯಲ್ಲಿ ಏನಾಗುತ್ತಿದೆ ನೋಡಿ. ಕ್ರೋಮ್ ಅಪ್‌ಡೇಟನ್ನು ತಾನೇ ಇಳಿಸಿಕೊಳ್ಳುತ್ತದೆ, ಆದರೆ ಒಮ್ಮೆ ಮುಚ್ಚಿ ತೆರೆಯುವ ತನಕ ಓಡುವುದು ಹಳೆಯದೇ. ನೀವು ಕಂಪ್ಯೂಟರನ್ನು ಸ್ಲೀಪ್‌ಗೆ ಹಾಕಿ ಷಟರ್ ಎಳೆಯುತ್ತೀರಿ, ಬೆಳಿಗ್ಗೆ ಅದೇ ಟ್ಯಾಬ್‌ಗಳು. ಜನ ಕಾಯುವಾಗ ಅರ್ಧ ತುಂಬಿದ ಅರ್ಜಿ ಹೋಗಿಬಿಡುತ್ತೆ ಅನ್ನುವ ನಿಮ್ಮ ಮಾತೂ ಸರಿ. ಅದಕ್ಕೇ ರಾತ್ರಿ ಬಾಗಿಲು ಹಾಕುವ ಮುಂಚೆ ಮಾಡಿ: ಬಲಗಡೆ ಮೇಲಿನ ಮೂರು ಚುಕ್ಕಿ, ಹೆಲ್ಪ್, ಅಬೌಟ್ ಗೂಗಲ್ ಕ್ರೋಮ್. ರೀಲಾಂಚ್ ಅಂತ ಬಂದರೆ ಒತ್ತಿ. ಫೋನಿನಲ್ಲಿ ಪ್ಲೇ ಸ್ಟೋರ್‌ಗೆ ಹೋಗಿ ಕ್ರೋಮ್ ಜೊತೆ ಆಂಡ್ರಾಯ್ಡ್ ಸಿಸ್ಟಂ ವೆಬ್‌ವ್ಯೂ ಕೂಡ ಅಪ್‌ಡೇಟ್ ಮಾಡಿ, ಎಷ್ಟೋ ಆ್ಯಪ್‌ಗಳು ತಮ್ಮೊಳಗೆ ವೆಬ್ ಪುಟ ತೋರಿಸುವುದು ಅದರಿಂದಲೇ. ಇನ್ನು ಯಾವುದೋ ಸೈಟ್ ಮಧ್ಯದಲ್ಲೇ "ನಿಮ್ಮ ಬ್ರೌಸರ್ ಹಳೆಯದು, ಇಲ್ಲಿ ಡೌನ್‌ಲೋಡ್ ಮಾಡಿ" ಅಂದರೆ ಅದು ಮೋಸ. ಬ್ರೌಸರ್‌ನ ಅಪ್‌ಡೇಟ್ ಬ್ರೌಸರ್‌ನ ಮೆನುವಿನಿಂದ ಅಥವಾ ಪ್ಲೇ ಸ್ಟೋರ್‌ನಿಂದ ಮಾತ್ರ ತಗೊಳ್ಳಿ.

ಗೋಡೆ ಪಕ್ಕದ ವಿಂಡೋಸ್ 7 ಮಷಿನ್ ವಿಷಯ ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಮೈಕ್ರೋಸಾಫ್ಟ್ ಅದನ್ನು 2020ರ ಜನವರಿಯಲ್ಲೇ ಕೈಬಿಟ್ಟಿದೆ. ಅದರಲ್ಲಿ ಕ್ರೋಮ್ 2023ರ ಜನವರಿಯ 109ನೇ ಆವೃತ್ತಿಗೇ ನಿಂತಿದೆ. ಹಳೇ ಪ್ರಿಂಟರ್ ಅದಕ್ಕೇ ಹೊಂದುತ್ತೆ ಅಂದರೆ ಪ್ರಿಂಟಿಗೆ ಮಾತ್ರ ಇರಲಿ. ನೆಟ್ ವೈರ್ ತೆಗೆದುಬಿಡಿ, ಪಿಡಿಎಫ್ ಪೆನ್‌ಡ್ರೈವ್‌ನಲ್ಲಿ ಹಾಕಿ. ಊರವರ ಆಧಾರ್, ಬ್ಯಾಂಕ್, ಪರೀಕ್ಷೆ ಫೀಸು ಎಲ್ಲ ನಿಮ್ಮನ್ನು ನಂಬಿ ಆ ಕೀಬೋರ್ಡ್ ಮೇಲೆ ಬರುತ್ತೆ ಅತ್ತಿಗೆ. ಅವರು ಲಾಗಿನ್ ಆಗುವಾಗ ಗೆಸ್ಟ್ ವಿಂಡೋ ತೆರೆದುಕೊಡಿ, ಕೆಲಸ ಮುಗಿದ ಮೇಲೆ ಮುಚ್ಚಿ. ಅದು ತೂತು ಮುಚ್ಚಲ್ಲ, ಆದರೆ ಮುಂದೆ ಬಂದು ಕೂತವನಿಗೆ ಹಿಂದಿನವರ ಖಾತೆ ತೆರೆದೇ ಸಿಗುವುದು ತಪ್ಪುತ್ತದೆ.

ಎಕ್ಸ್‌ಟೆನ್ಷನ್‌ಗಳನ್ನೂ, ಅಂದರೆ ಬ್ರೌಸರ್‌ಗೆ ಮೇಲಿಂದ ಸೇರಿಸಿಕೊಳ್ಳುವ ಪುಟ್ಟ ಪ್ರೋಗ್ರಾಂಗಳನ್ನೂ, ಕಮ್ಮಿ ಮಾಡಬೇಕು. ದಿ ಗ್ರೇಟ್ ಸಸ್ಪೆಂಡರ್ ಅಂತ ಒಂದಿತ್ತು, ಲಕ್ಷಾಂತರ ಜನ ಬಳಸುತ್ತಿದ್ದರು, ಒಳ್ಳೆಯದೇ ಆಗಿತ್ತು. 2020ರಲ್ಲಿ ಅದು ಬೇರೆಯವರ ಕೈಗೆ ಹೋಯಿತು. 2021ರ ಫೆಬ್ರವರಿಯಲ್ಲಿ ಅದರೊಳಗೆ ಕೆಟ್ಟ ಕೋಡ್ ಇದೆ ಅಂತ ಗೂಗಲ್ ತೆಗೆದುಹಾಕಿತು. ಹಾಕಿಕೊಂಡ ದಿನ ಸರಿಯಿತ್ತು ಅನ್ನುವುದು ಮುಂದಕ್ಕೂ ಖಾತ್ರಿ ಅಲ್ಲ. ಪಿಡಿಎಫ್ ಮಾಡೋದು, ವಿಡಿಯೋ ಇಳಿಸೋದು ಅಂತ ಸುಮ್ನೆ ಕೂತಿರುವುದನ್ನೆಲ್ಲ ತೆಗೆಯಿರಿ.

ಬ್ಯಾಂಕ್ ಸೈಟ್ ವಿಳಾಸದ ಕೊನೆಯಲ್ಲಿ ಡಾಟ್ ಬ್ಯಾಂಕ್ ಡಾಟ್ ಇನ್ ಇದೆಯಾ ನೋಡಿಕೊಳ್ಳಿ, 2025ರ ಅಕ್ಟೋಬರ್ 31ರೊಳಗೆ ಬ್ಯಾಂಕ್‌ಗಳು ಅದಕ್ಕೆ ಬದಲಾಗಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿತ್ತು. ಯಾರದ್ದಾದರೂ ದುಡ್ಡು ಆನ್‌ಲೈನ್ ಮೋಸಕ್ಕೆ ಹೋದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ. ಆ ನಂಬರ್ ಕೌಂಟರ್ ಮೇಲೆ ಬರೆದು ಅಂಟಿಸಿದರೂ ಒಳ್ಳೆಯದೇ.

ಎಕ್ಸ್‌ಟೆನ್ಷನ್ ಪಟ್ಟಿಯ ಫೋಟೋ ತೆಗೆದು ವಾಟ್ಸಾಪ್ ಮಾಡಿ, ಯಾವುದು ಇರಬೇಕು ಯಾವುದು ಬೇಡ ಅಂತ ಒಂದೊಂದಾಗಿ ಹೇಳುತ್ತೇನೆ. ಹೊಸ ಪ್ರಿಂಟರ್ ಖರ್ಚು ನನ್ನದು, ಅಣ್ಣನ ಹತ್ತಿರ ಮಾತಾಡಿದ್ದೇನೆ, ಬೇಡ ಅನ್ನಬೇಡಿ.

ನಿಮ್ಮ ಮೈದುನ