ಭೋಸರಿಯಲ್ಲಿ ಕೈಹಿಡಿದ ಕಾಕಾ ಅವರಿಗೆ

ಪುಣೆಯ ಭೋಸರಿಯ ಪ್ರಯೋಗಾಲಯದಲ್ಲಿ ನನ್ನ ನೈಲಾನ್ ತುಂಡುಗಳನ್ನು ಯಂತ್ರದಲ್ಲಿ ಒತ್ತಿ ನೋಡುವ ಸಂಪೀಡನ ಪರೀಕ್ಷೆಗೆ ನೆರವಾದ ಹಿರಿಯರೇ, ನಿಮಗೆ ಮನಸಾರೆ ಧನ್ಯವಾದಗಳು. ನಾನು ಅಮ್ಮನೊಂದಿಗೆ ಫೋನಿನಲ್ಲಿ ಆಡಿದ ಕನ್ನಡ ಕೇಳಿ, "ಯಾವ ಊರು ತಂಗಿ?" ಎನ್ನುತ್ತ ನೀವಾಗಿಯೇ ಬಂದಿರಿ.

ಹೊರೆ ಮತ್ತು ಕುಗ್ಗುವಿಕೆಯ ಗ್ರಾಫಿನ ಆರಂಭ ಬಾಗುತ್ತಿತ್ತು; ಸ್ಥಿತಿಸ್ಥಾಪಕ ಗುಣಾಂಕ, ಅಂದರೆ ವಸ್ತುವಿನ ಬಿಗಿತದ ಅಳತೆ, ತೀರಾ ಕಡಿಮೆ ಬರುತ್ತಿತ್ತು. ನೀವು ಯಂತ್ರ ಮುಟ್ಟುವ ಮೊದಲು ತುಂಡಿಗೆ ಮೂಲೆಮಟ್ಟ ಇಟ್ಟು ಕಿಟಕಿಯ ಕಡೆ ಹಿಡಿದಿರಿ. ಅಂಚಿನಲ್ಲಿ ಕೂದಲೆಳೆಯಷ್ಟು ಬೆಳಕು ನುಸುಳಿತು. ಎರಡೂ ತುದಿಗಳು ಸಮಾನಾಂತರವಾಗಿಲ್ಲದಿದ್ದರೆ ಹೊರೆ ಮೊದಲು ಒಂದೇ ಅಂಚಿನ ಮೇಲೆ ಬೀಳುತ್ತದೆ. ತುಂಡುಗಳನ್ನು ಮತ್ತೆ ಲೇತ್‌ಗೆ ಕಳುಹಿಸಿದೆವು.

ಅದಕ್ಕಿಂತಲೂ ದೊಡ್ಡ ಉಪಕಾರವೆಂದರೆ, ನಡುವೆ ಏನೂ ಇಡದೆ ಎರಡು ಒತ್ತುತಟ್ಟೆಗಳನ್ನೇ ಒಂದಕ್ಕೊಂದು ಒತ್ತಿಸಿ ತೋರಿಸಿದ್ದು. ಆಗಲೂ ಪರದೆಯಲ್ಲಿ ಚಲನೆ ದಾಖಲಾಯಿತು! ಅದು ಯಂತ್ರದ ಚೌಕಟ್ಟು ಮತ್ತು ಹೊರೆ ಅಳೆಯುವ ಲೋಡ್ ಸೆಲ್‌ನದೇ ಬಾಗುವಿಕೆ. ಯಂತ್ರದ ಚಲಿಸುವ ಅಡ್ಡತೊಲೆಯಾದ ಕ್ರಾಸ್‌ಹೆಡ್‌ನ ಚಲನೆಯಿಂದ ಅದನ್ನು ಕಳೆಯದಿದ್ದರೆ ವಸ್ತು ಇರುವುದಕ್ಕಿಂತ ಮೆದುವಾಗಿ ಕಾಣುತ್ತದೆ. ಇಷ್ಟು ಮುಖ್ಯವಾದ ಮಾತನ್ನು ತರಗತಿಯಲ್ಲಿ ಯಾರೂ ಒತ್ತಿ ಹೇಳಿರಲಿಲ್ಲ.

ತಟ್ಟೆಗಳು ಡಿಕ್ಕಿ ಹೊಡೆಯದಂತೆ ಮಿತಿತಡೆ ಹೊಂದಿಸಿ, ಸ್ವಲ್ಪ ಆರಂಭಿಕ ಹೊರೆ ಕೊಟ್ಟು, ಪ್ಲಾಸ್ಟಿಕ್‌ಗಳ ಸಂಪೀಡನ ಪರೀಕ್ಷೆಯ ಮಾನದಂಡವಾದ ಎಎಸ್‌ಟಿಎಂ ಡಿ695 ಹೇಳುವಂತೆ ನಿಮಿಷಕ್ಕೆ 1.3 ಮಿಲಿಮೀಟರ್ ವೇಗದಲ್ಲಿ ಓಡಿಸಿದೆವು. ಗೆರೆ ನೇರವಾಗಿ ಎದ್ದಿತು.

ಹೆಸರು ಕೇಳುವಷ್ಟರಲ್ಲಿ ನಿಮ್ಮ ಪಾಳಿ ಮುಗಿದಿತ್ತು. ನನ್ನ ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ನಿಮ್ಮ ಹೆಸರು ಇರಲೇಬೇಕು ಕಾಕಾ. ಇದನ್ನು ಓದಿದರೆ ದಯವಿಟ್ಟು ಪ್ರಯೋಗಾಲಯದ ಕಚೇರಿಯಲ್ಲಿ ತಿಳಿಸಿ.