ತಮ್ಮನ ಚಿಕಿತ್ಸೆಯಲ್ಲಿ ನಿನ್ನ ಪಾಲು

ಚಿ. ಸುಮಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮನೆಯವರೂ ಬರಬೇಕೆಂದು ತಮ್ಮನ ವೈದ್ಯರು ಹೇಳಿದ್ದಾರೆ, ಕಾಯಿಲೆ ಅವನದು, ಅಲ್ಲಿ ನನಗೇನು ಕೆಲಸ ಎಂದು ಕೇಳಿದ್ದೀಯ. ಹೋಗು. ದೂರುಗಳ ಪಟ್ಟಿ ಮಾತ್ರ ಒಯ್ಯಬೇಡ.

ಅವನಿಗಿರುವ ಬೈಪೋಲಾರ್ ಕಾಯಿಲೆಗೆ, ಅಂದರೆ ಮನಸ್ಸು ಕೆಲವೊಮ್ಮೆ ಉನ್ಮಾದಕ್ಕೆ ಏರಿ, ಕೆಲವೊಮ್ಮೆ ಖಿನ್ನತೆಗೆ ಇಳಿಯುವ ಈ ಕಾಯಿಲೆಗೆ, ಔಷಧವೇ ಬುನಾದಿ. ಮಾತ್ರೆ ಬಿಡಿಸಿ ಬರೀ ಮಾತಿನಿಂದ ವಾಸಿ ಮಾಡುತ್ತೇವೆ ಎನ್ನುವವರ ಹತ್ತಿರ ಸುಳಿಯಬೇಡಿ. ಆದರೆ ತಪ್ಪದೆ ಮಾತ್ರೆ ನುಂಗುವವರಿಗೂ ಅದು ಮರುಕಳಿಸುವುದುಂಟು. ಟೀಕೆ, ಹಂಗಿಸುವಿಕೆ, ಉಸಿರುಗಟ್ಟಿಸುವ ಕಾಳಜಿ ತುಂಬಿದ ಮನೆಗಳಲ್ಲಿ ಇದು ಹೆಚ್ಚೆಂದು ಅಧ್ಯಯನಗಳು ತೋರಿಸಿವೆ. ಹಾಗೆಂದು ಕಾಯಿಲೆ ಬಂದದ್ದೇ ನಿಮ್ಮಿಂದ ಎಂದು ಕೊರಗಬೇಡ, ಅದು ಸುಳ್ಳು. ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಮಿಕ್ಲೋವಿಟ್ಜ್ ಮತ್ತು ಸಂಗಡಿಗರು ರೂಪಿಸಿದ ಕುಟುಂಬ ಚಿಕಿತ್ಸೆಯಲ್ಲಿ ಒಂಬತ್ತು ತಿಂಗಳಲ್ಲಿ 21 ಭೇಟಿಗಳಿರುತ್ತವೆ. ಮೊದಲು ಕಾಯಿಲೆಯ ತಿಳಿವಳಿಕೆ, ಆಮೇಲೆ ಮಾತನಾಡುವ, ಕೇಳಿಸಿಕೊಳ್ಳುವ ಅಭ್ಯಾಸ, ಕೊನೆಗೆ ತೊಡಕು ಬಿಡಿಸುವ ಕ್ರಮ. ನಮ್ಮ ಕುಟುಂಬದವರಿಗೆ ನಡುವಿನದೇ ಕಷ್ಟ; ಎದುರಿನವರ ಮಾತು ಮುಗಿಯುವ ಮೊದಲೇ ನಮ್ಮ ಉತ್ತರ ಸಿದ್ಧವಾಗಿರುತ್ತದೆ.

ಅವನು ಚೆನ್ನಾಗಿರುವ ದಿನಗಳಲ್ಲೇ ಕೂತು ಒಪ್ಪಂದ ಬರೆದುಕೊಳ್ಳಿ. ಉನ್ಮಾದ ಏರುವ ಮುನ್ನ ಅವನಲ್ಲಿ ಏನೇನು ಬದಲಾಗುತ್ತದೆ? ಮೂರು ಗಂಟೆ ಮಲಗಿಯೂ ದಣಿವಿಲ್ಲದಿರುವುದು, ಮಾತಿನ ವೇಗ, ನಡುರಾತ್ರಿ ಹುಟ್ಟುವ ಯೋಜನೆಗಳು, ಕೈ ಮೀರಿದ ಖರ್ಚು. ಎಲ್ಲಕ್ಕಿಂತ ನಿದ್ದೆಯ ಮೇಲೆ ಕಣ್ಣಿಡು. ನಿದ್ದೆ ಕೆಡುವುದು ಲಕ್ಷಣವೂ ಹೌದು, ಕಾಯಿಲೆಯನ್ನು ಕೆರಳಿಸುವ ಕಾರಣವೂ ಹೌದು. ಆಗ ಯಾರು ಹೇಳಬೇಕು, ಯಾವ ಮಾತಿನಲ್ಲಿ ಹೇಳಬೇಕು, ಬ್ಯಾಂಕ್ ಕಾರ್ಡ್ ಯಾರ ಬಳಿ ಇರಬೇಕು, ವೈದ್ಯರಿಗೆ ಯಾವಾಗ ಫೋನ್ ಮಾಡಬೇಕು, ಎಲ್ಲವನ್ನೂ ಅವನೇ ಹೇಳಲಿ, ನೀನು ಬರೆದುಕೋ. ತಾನೇ ಒಪ್ಪಿದ ಮಾತನ್ನು ನೆನಪಿಸಿದರೆ ಕೇಳುವ ಸಾಧ್ಯತೆ ಹೆಚ್ಚು. ಆದರೂ ಉನ್ಮಾದ ಪೂರ್ತಿ ಏರಿದ ಮೇಲೆ ವಾದಕ್ಕಿಳಿಯಬೇಡ, ನೇರವಾಗಿ ವೈದ್ಯರನ್ನು ಸಂಪರ್ಕಿಸು.

ಅವನು ಜೋರಾಗಿ ನಕ್ಕರೂ ಸಿಟ್ಟಾದರೂ "ಮಾತ್ರೆ ತೆಗೆದುಕೊಂಡೆಯಾ?" ಎನ್ನುವ ನಿನ್ನ ಅಪ್ಪನಿಗೆ ಸ್ವಲ್ಪ ಹೇಳು. ಮನುಷ್ಯನಿಗೆ ಸುಮ್ಮನೆ ಖುಷಿಯಾಗುವುದೂ ಇರುತ್ತದೆ.

ಖಿನ್ನತೆಯಲ್ಲಿ ಕುಗ್ಗಿದಾಗ ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳು. ಕೇಳಿದರೆ ಆ ಯೋಚನೆ ಹುಟ್ಟಿಬಿಡುತ್ತದೆ ಎಂಬುದು ತಪ್ಪು ನಂಬಿಕೆ. ಹೌದೆಂದರೆ ಒಬ್ಬನನ್ನೇ ಬಿಡದೆ ತಕ್ಷಣ ವೈದ್ಯಕೀಯ ನೆರವು ಪಡೆಯಿರಿ.

ಅವನು ಒಪ್ಪದೆ ವೈದ್ಯರು ನಿನಗೆ ಎಲ್ಲವನ್ನೂ ಹೇಳಲಾರರು, ಅದಕ್ಕೆ ಬೇಸರ ಬೇಡ. ನೀನು ಕಂಡದ್ದನ್ನು ಅವರಿಗೆ ಹೇಳಬಹುದು, ಅವನ ಎದುರಿಗೇ ಹೇಳಿದರೆ ಇನ್ನೂ ಒಳ್ಳೆಯದು. ಮನಸ್ಸಿನ ಏರಿಳಿತ ಹತೋಟಿಯಲ್ಲಿಡುವ ಲಿಥಿಯಂ ಎಂಬ ಔಷಧ ಕೊಟ್ಟಿದ್ದರೆ ರಕ್ತ ಪರೀಕ್ಷೆ ಯಾವಾಗ, ವಾಂತಿ ಭೇದಿಯಾದರೆ ಏನು ಮಾಡಬೇಕು, ಯಾವ ನೋವಿನ ಮಾತ್ರೆ ಕೂಡದು ಎಂದು ಮೊದಲ ಭೇಟಿಯಲ್ಲೇ ಕೇಳಿಕೊಂಡು ಬಾ.

ಇಂತಿ,
ನಿನ್ನ ದೊಡ್ಡಮ್ಮ