ಎರಡು ಸ್ಪೋಕ್‌ಗಳ ಬಾಕಿ

ಕಳೆದ ಭಾನುವಾರದ ಸೈಕಲ್ ರಸ್ತೆ ಸ್ಪರ್ಧೆಯಲ್ಲಿ 31ನೆಯವನಾಗಿ ಗುರಿ ಮುಟ್ಟಿದೆ. ಉದ್ದೀಪನ ಮದ್ದು ಚುಚ್ಚಿಕೊಂಡದ್ದಕ್ಕೆ ಬಿದ್ದ ಮೂರು ವರ್ಷಗಳ ನಿಷೇಧ ಮುಗಿದ ಮೇಲೆ ಇದೇ ಮೊದಲು. ಏನು ಚುಚ್ಚಿಕೊಂಡೆ, ಹೇಗೆ ಸಿಕ್ಕಿಬಿದ್ದೆ ಎಂಬುದು ವಿಜಯಪುರದ ಸೈಕ್ಲಿಂಗ್ ಬಳಗಕ್ಕೆಲ್ಲ ಗೊತ್ತು. ಸಿರಿಂಜ್ ತಂದುಕೊಟ್ಟವರ ಹೆಸರನ್ನು ವಿಚಾರಣೆಯಲ್ಲಿ ಹೇಳಿದ್ದೇನೆ, ಅಷ್ಟು ಸಾಕು.

ಶುಲ್ಕ ಕೇಳದ ವಕೀಲರು, ಸಾಲದ ಕಂತು ತುಂಬಿದ ಅಕ್ಕ ಮತ್ತು ಮಾಮಾ, ನಸುಕಿನಲ್ಲಿ ಸೋಲಾಪುರ ರಸ್ತೆಯಲ್ಲಿ ನನ್ನ ಹಿಂದೆ ಬೈಕಿನಲ್ಲಿ ಬಂದ ಗೆಳೆಯರು, ಎಲ್ಲರಿಗೂ ಶರಣು.

ಉಳಿದದ್ದೆಲ್ಲ ಸೈಕಲ್ ಅಂಗಡಿಯ ಕಾಕಾ ಅವರಿಗೆ.

ಮದ್ದು ಪರೀಕ್ಷೆಯಲ್ಲಿ ಸಿಕ್ಕಿಬಿದ್ದೆನೆಂಬ ಪತ್ರ ಬಂದ ರಾತ್ರಿ ಮನೆಗೆ ಹೋಗಲಿಲ್ಲ. ರೈಲು ಹಳಿಯ ಬದಿಯಲ್ಲಿ ಬಹಳ ಹೊತ್ತು ಕುಳಿತಿದ್ದೆ. ಇದನ್ನು ಅವ್ವನಿಗೆ ಇಂದಿಗೂ ಹೇಳಿಲ್ಲ, ಓದಿದರೆ ಓದಲಿ. ಎದ್ದು ಬಂದಾಗ ಬೀದಿಯಲ್ಲಿ ದೀಪ ಉರಿಯುತ್ತಿದ್ದುದು ಅವರ ಅಂಗಡಿಯಲ್ಲಿ ಮಾತ್ರ. ಕಾಕಾ ಮುಖ ನೋಡಿದರು, ಏನೂ ಕೇಳಲಿಲ್ಲ. ಬೆಂಡಾದ ಚಕ್ರವೊಂದನ್ನು ಕೈಗಿಟ್ಟು, "ಇದನ್ನು ಸರಿ ಮಾಡು" ಎಂದರು. ಒಂದು ಕಡೆ ಬಿಗಿ ಮಾಡಿದರೆ ಇನ್ನೊಂದು ಕಡೆ ವಾಲುತ್ತಿತ್ತು. ಕೈ ನಡುಗಿ ಎರಡು ಸ್ಪೋಕ್ ಮುರಿದೆ. ಬೈಯಲಿಲ್ಲ, ಬೇರೆ ಎರಡು ತಂದಿಟ್ಟರು.

ಬೆಳಗಾಗುವ ಹೊತ್ತಿಗೆ ನಾನು ಕಟ್ಟಿಕೊಂಡಿದ್ದ ಸಬೂಬು ಹೊರಬಿತ್ತು: ಯಾವುದೋ ಟಾನಿಕ್ಕಿನಲ್ಲಿ ಬೆರೆತಿತ್ತೆಂದು ಬರೆದುಕೊಡುತ್ತೇನೆ. ನಮ್ಮ ಆಟದಲ್ಲಿ ಇಂಥವಕ್ಕೆ ಬರವಿಲ್ಲ. 2002ರ ಟೂರ್ ಡಿ ಫ್ರಾನ್ಸ್‌ನಲ್ಲಿ ಮೂರನೆಯ ಸ್ಥಾನ ಪಡೆದ ರೈಮೊಂಡಾಸ್ ರಮ್ಶಾಸ್ ಅವರ ಪತ್ನಿಯ ಕಾರಿನಲ್ಲಿ ಔಷಧಗಳು ಸಿಕ್ಕಾಗ, ಅವು ಅತ್ತೆಯವರಿಗಾಗಿ ಎಂಬ ಉತ್ತರ ಬಂದಿತ್ತು! ಕಾಕಾ ಕೇಳಿದ್ದು ಒಂದೇ ಮಾತು: "ತಮ್ಮಾ, ಚುಚ್ಚಿಕೊಂಡ ಕೈ ಯಾರದು?"

ಆಗ ಅಳು ಬಂತು. ಅಲ್ಲಿಯವರೆಗೆ ಎಲ್ಲರೂ "ಇದನ್ನು ಯಾರು ತಾನೇ ಮಾಡುವುದಿಲ್ಲ? ನಿನ್ನ ನಸೀಬು ಕೆಟ್ಟಿತು" ಎಂದೇ ಸಮಾಧಾನ ಹೇಳಿದ್ದರು. 20 ದಿನಗಳೊಳಗೆ ತಪ್ಪೊಪ್ಪಿಕೊಂಡು ಶಿಕ್ಷೆಗೆ ತಲೆಬಾಗಿದರೆ ನಾಲ್ಕು ವರ್ಷದ ನಿಷೇಧ ಮೂರಾಗುತ್ತದೆ. ಅದಕ್ಕೇ ಒಪ್ಪಿಕೊಂಡ ಎಂದವರೂ ಇದ್ದಾರೆ. ಆ ಲೆಕ್ಕ ನಾನೂ ಹಾಕಿದ್ದೆ, ಸುಳ್ಳೇಕೆ ಹೇಳಲಿ.

ನಿಷೇಧದ ದಿನಗಳಲ್ಲಿ ಅದೇ ಅಂಗಡಿಯಲ್ಲಿ ಪಂಕ್ಚರ್ ಹಾಕುತ್ತ ಕಾಕಾಗೆ ಬ್ರಿಟನ್ನಿನ ಸೈಕಲ್ ಸ್ಪರ್ಧಿ ಡೇವಿಡ್ ಮಿಲ್ಲರ್ ಕಥೆ ಹೇಳಿದ್ದೆ. 2004ರಲ್ಲಿ ಫ್ರಾನ್ಸಿನ ಬಿಯಾರಿಟ್ಜ್‌ನಲ್ಲಿದ್ದ ಅವರ ಮನೆಯಲ್ಲಿ ಬಳಸಿದ ಸಿರಿಂಜ್‌ಗಳು ಪೊಲೀಸರಿಗೆ ಸಿಕ್ಕವು. ರಕ್ತದ ಕೆಂಪುಕಣ ಹೆಚ್ಚಿಸುವ ಇಪಿಒ ಮದ್ದು ಪಡೆದದ್ದನ್ನು ಒಪ್ಪಿಕೊಂಡರು, ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡಿಸುವ ಟೈಮ್ ಟ್ರಯಲ್‌ನ ವಿಶ್ವ ಪಟ್ಟ ಹೋಯಿತು, ಎರಡು ವರ್ಷ ನಿಷೇಧವಾಯಿತು. ಮುಂದೆ 2012ರ ಜುಲೈ 13ರಂದು ಟೂರ್‌ನ ಒಂದು ಹಂತ ಗೆದ್ದರು. 1967ರ ಟೂರ್‌ನಲ್ಲಿ ಆಂಫೆಟಮಿನ್ ಎಂಬ ಉತ್ತೇಜಕ ಮದ್ದು ಸೇವಿಸಿದ್ದ ಬ್ರಿಟನ್ನಿನ ಟಾಮ್ ಸಿಂಪ್ಸನ್ ವೆಂಟು ಬೆಟ್ಟ ಹತ್ತುತ್ತ ಕುಸಿದು ಸತ್ತದ್ದೂ ಜುಲೈ 13ರಂದೇ. ಕಾಕಾ ಟ್ಯೂಬನ್ನು ನೀರಿನಲ್ಲಿ ಅದ್ದುತ್ತ, "ಗೆದ್ದವನ ಕಥೆ ನಿನಗೆ ಸಿಕ್ಕಿತು. ಗೆಲ್ಲದೆ ತಿರುಗಿ ಬಂದವನದೂ ಇದ್ದೀತು, ಹುಡುಕು" ಎಂದರು.

ಇನ್ನೊಬ್ಬನಿದ್ದಾನೆ. ನಾನು ಸಿಕ್ಕಿಬಿದ್ದ ಆ ಸ್ಪರ್ಧೆಯಲ್ಲಿ ಮೂರನೆಯವನಾದ ನನ್ನ ಹಿಂದೆ ನಾಲ್ಕನೆಯವನಾಗಿದ್ದವನು. ನನ್ನಿಂದ ವಾಪಸು ಪಡೆದ ಪದಕ ಅವನಿಗೆ ಸಂದಿತು, ಆದರೆ ವೇದಿಕೆ ಹತ್ತುವ ಆ ಸಂಜೆಯನ್ನು ಯಾರೂ ಅವನಿಗೆ ಕೊಡಲಿಲ್ಲ. ಭಾನುವಾರ ಏರಿನಲ್ಲಿ ನನ್ನ ಬಾಟಲಿ ಖಾಲಿಯಾದಾಗ ಮಾತಿಲ್ಲದೆ ತನ್ನದನ್ನು ಚಾಚಿದ. ಅವನಿಗೆ ಧನ್ಯವಾದ ಹೇಳಲು ನನಗಿನ್ನೂ ಬಾಯಿ ಬರುತ್ತಿಲ್ಲ.

ಕಾಕಾ ಮೊಬೈಲಿನಲ್ಲಿ ಇಷ್ಟುದ್ದ ಓದುವವರಲ್ಲ. ಅಂಗಡಿಯ ಕಡೆ ಹೋದವರು ಯಾರಾದರೂ ಓದಿ ಹೇಳಿ. ಆ ಎರಡು ಸ್ಪೋಕ್‌ಗಳ ದುಡ್ಡು ಸೋಮವಾರ ತಂದುಕೊಡುತ್ತೇನೆ ಎಂದೂ ಹೇಳಿ.